ಕೆಟ್ಟ ಮಣ್ಣಿಗೆ ಯಾವ ಮದ್ದು? ಅಗೆಸುವುದೋ, ಕಟ್ಟಿಹಾಕುವುದೋ, ಗಿಡ ನೆಡುವುದೋ, ಮುಚ್ಚುವುದೋ

ಹೋದ ಬೇಸಿಗೆಯಲ್ಲಿ ನಮ್ಮ ಭಾವ ದಾವಣಗೆರೆಯ ಹೊರಗೆ ಆರು ಗುಂಟೆ ಜಾಗ ತಗೊಂಡರು. ಮಾರಿದವರು "ಹಿಂದೆ ಇಲ್ಲೊಂದು ಗುಜರಿ ಶೆಡ್ಡು ಇತ್ತು, ಅಷ್ಟೇ" ಅಂದಿದ್ದರು. ಮೇಲೆ ಹೊಸ ಗರಸು ಹಾಕಿ ಸಮ ಮಾಡಿದ್ದರು, ನೋಡಲು ಚೆಂದ ಕಾಣುತ್ತಿತ್ತು. ಪಾಯ ತೋಡಲು ಬಂದ ಜೆಸಿಬಿ ಎರಡನೇ ಬಕೆಟ್ ಎತ್ತಿದಾಗ ಗರಸಿನ ಅಡಿಯಿಂದ ಬೂದಿ ಬಣ್ಣದ ಮಣ್ಣು ಬಂತು. ಅದರಲ್ಲಿ ಕಪ್ಪು ಪ್ಲಾಸ್ಟಿಕ್ ಚೂರು, ಬಿಳಿ ಪುಡಿ, ಮಧ್ಯೆ ಮಧ್ಯೆ ಹುಣಸೆ ಬೀಜದಷ್ಟು ದೊಡ್ಡ ಗಟ್ಟಿಗಳು. ಒಂದನ್ನು ಕೈಗೆತ್ತಿಕೊಂಡೆ. ಅಷ್ಟು ಸಣ್ಣದಕ್ಕೆ ಅಷ್ಟು ಭಾರ ಇರಬಾರದು. ಜೆಸಿಬಿ ಡ್ರೈವರ್ ಕೆಳಗಿಳಿದು ಕಾಲಲ್ಲಿ ಸರಿಸಿ ನೋಡಿದ. "ಇಲ್ಲಿ ಬ್ಯಾಟ್ರಿ ಒಡೆದು ಸೀಸ ಕರಗಿಸ್ತಿದ್ರು ನೋಡ್ರಿ ಅಣ್ಣಾ" ಅಂದ.

ಅವತ್ತಿಂದ ಮನೆಗೆ ಬಂದವರೆಲ್ಲ ಡಾಕ್ಟರೇ. ಒಬ್ಬರು ಎರಡು ಲೋಡು ಕೆರೆ ಗೋಡು ಹೊಡೆಸಿ ಮುಚ್ಚಿ ಅಂದರು. ಇನ್ನೊಬ್ಬರು ಲಾವಂಚ ನೆಟ್ಟರೆ ವಿಷ ಎಲ್ಲ ಕುಡಿದುಬಿಡುತ್ತೆ ಅಂದರು. ಮತ್ತೊಬ್ಬರದು ಸಿಮೆಂಟ್ ಹಾಕಿಬಿಡಿ ಅಂತ. ಕೊನೆಯವರು ಮೆಲ್ಲಗೆ, ರಾತ್ರಿ ಟಿಪ್ಪರ್‌ನಲ್ಲಿ ತುಂಬಿಸಿ ಹಳ್ಳಕ್ಕೆ ಸುರಿಸಿದರೆ ಯಾರಿಗೆ ಗೊತ್ತಾಗುತ್ತೆ ಅಂದರು. ಹಳ್ಳದ ಮಾತು ಬಿಟ್ಟರೆ ಉಳಿದವುಗಳಲ್ಲಿ ಸ್ವಲ್ಪ ಸ್ವಲ್ಪ ಹುರುಳಿದೆ. ಆದರೆ ಒಂದು ಜಾಗಕ್ಕೆ ಸರಿಯಾದದ್ದು ಇನ್ನೊಂದಕ್ಕೆ ಅಪಾಯ ಆಗಬಹುದು. ಯಾವ ವಿಷ, ಎಂಥ ಮಣ್ಣು, ಮುಂದೆ ಅಲ್ಲಿ ಏನು ಮಾಡುತ್ತೀರಿ ಅನ್ನುವುದರ ಮೇಲೆ ದಾರಿ ಬದಲಾಗುತ್ತದೆ. ಆರು ತಿಂಗಳು ಓಡಾಡಿ ನಾವು ಕಲಿತದ್ದು ಇದು. ನಿಮ್ಮದು ಹಳೇ ಪ್ಲೇಟಿಂಗ್ (ಲೋಹಕ್ಕೆ ಹೊಳಪಿನ ಲೇಪ ಹಾಕುವ) ಶೆಡ್ಡಿನ ಜಾಗ ಇರಬಹುದು, ಬಣ್ಣದ ಘಟಕ ಇರಬಹುದು, ಗ್ಯಾರೇಜ್ ಇರಬಹುದು. ಹೋಲಿಸಿ ನೋಡುವ ರೀತಿ ಒಂದೇ.

ಮೊದಲು ಪರೀಕ್ಷೆ, ಅದೂ ಸರಿಯಾದ ಪರೀಕ್ಷೆ

ರೈತರಿಗೆ ಕೊಡುವ ಮಣ್ಣು ಆರೋಗ್ಯ ಕಾರ್ಡ್ ನಂಬಿಕೊಂಡು ಕೂರಬೇಡಿ. ಅದರಲ್ಲಿ 12 ಅಂಶ ಇರುತ್ತವೆ: ಸಾರಜನಕ, ರಂಜಕ, ಪೊಟ್ಯಾಷ್, ಗಂಧಕ, ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್, ಬೋರಾನ್, ಸಾವಯವ ಇಂಗಾಲ, ರಸಸಾರ, ಲವಣದ ಪ್ರಮಾಣ. ಸೀಸ, ಕ್ರೋಮಿಯಂ, ಆರ್ಸೆನಿಕ್, ಕ್ಯಾಡ್ಮಿಯಂ ಅದರಲ್ಲಿ ಇಲ್ಲವೇ ಇಲ್ಲ. ಭಾವನ ಜಾಗ ಮಾರಿದವರು ತೋರಿಸಿದ್ದು ಅದೇ ಕಾರ್ಡು, "ಮಣ್ಣು ಚೆನ್ನಾಗಿದೆ ಅಂತ ಸರ್ಕಾರವೇ ಕೊಟ್ಟಿದೆ" ಅಂತ. ಎನ್‌ಎಬಿಎಲ್ ಮಾನ್ಯತೆ ಇರುವ ಲ್ಯಾಬಿಗೆ ಕೊಟ್ಟು, ಲೋಹಗಳ ಹೆಸರು ಹೇಳಿಯೇ ಮಾಡಿಸಬೇಕು. ಕ್ರೋಮಿಯಂ ಅನುಮಾನ ಇದ್ದರೆ ಒಟ್ಟು ಕ್ರೋಮಿಯಂ ಬೇರೆ, ಆರನೇ ರೂಪದ (ಹೆಕ್ಸಾವೇಲೆಂಟ್) ಕ್ರೋಮಿಯಂ ಬೇರೆ ಅಂತ ಬರೆಸಿ. ಮೂರನೇ ರೂಪ ಹೆಚ್ಚು ತೊಂದರೆ ಕೊಡಲ್ಲ, ಆರನೆಯದು ಕ್ಯಾನ್ಸರ್ ತರುವಂಥದ್ದು.

ಎರಡು ಸಂಖ್ಯೆ ಕೇಳಿ. ಒಂದು, ಕಿಲೋ ಮಣ್ಣಲ್ಲಿ ಒಟ್ಟು ಎಷ್ಟು ಮಿಲಿಗ್ರಾಂ ಇದೆ. ಇನ್ನೊಂದು, ಆ ಮಣ್ಣು ನೀರಿಗೆ ಎಷ್ಟು ಬಿಟ್ಟುಕೊಡುತ್ತದೆ. ಇದಕ್ಕೆ ಟಿಸಿಎಲ್‌ಪಿ ಪರೀಕ್ಷೆ ಅನ್ನುತ್ತಾರೆ. ಹಗುರ ಆಮ್ಲದಲ್ಲಿ ಮಣ್ಣನ್ನು ಹಾಕಿ ತಿರುಗಿಸಿ, ಕಸದ ಗುಂಡಿಯಲ್ಲಿ ಬಿದ್ದರೆ ಎಷ್ಟು ಸೋರಬಹುದು ಅಂತ ನೋಡುವುದು. ಸೀಸ ಲೀಟರಿಗೆ 5 ಮಿಲಿಗ್ರಾಂ ಮೀರಿದರೆ ಆ ಮಣ್ಣು ಅಪಾಯಕಾರಿ ತ್ಯಾಜ್ಯದ ಲೆಕ್ಕಕ್ಕೆ ಬರುತ್ತದೆ.

ಸ್ಯಾಂಪಲ್ ತೆಗೆಯುವಾಗ ಎಲ್ಲ ಆಳದ ಮಣ್ಣನ್ನು ಒಂದೇ ಚೀಲಕ್ಕೆ ಹಾಕಬೇಡಿ. ಮೇಲಿನ ಅರ್ಧ ಅಡಿ ಬೇರೆ, ಅದರ ಕೆಳಗಿನದು ಬೇರೆ, ಎರಡಡಿಯದು ಬೇರೆ. ಮಿಕ್ಸ್ ಮಾಡಿದರೆ ಸರಾಸರಿ ಚೆನ್ನಾಗಿ ಕಾಣುತ್ತದೆ, ವಿಷ ಅಡಗಿಕೊಳ್ಳುತ್ತದೆ. ಒಲೆ ಇದ್ದ ಜಾಗ, ಆಸಿಡ್ ಚೆಲ್ಲುತ್ತಿದ್ದ ಮೂಲೆ, ಮಳೆ ನೀರು ಹರಿದು ಹೋಗುವ ತಗ್ಗು ಇವನ್ನು ಬಿಡಬೇಡಿ. ಜೊತೆಗೆ ದೂರದ ಹೊಲದ್ದೂ ಒಂದು ಹಿಡಿ ತಂದು ಕೊಡಿ. ಚಿತ್ರದುರ್ಗದವರಿಗೆ ಇದು ಇನ್ನೂ ಮುಖ್ಯ. ಅಲ್ಲಿಯ ಅದಿರಿನ ಗುಡ್ಡಗಳ ಕೆಳಗಿನ ಮಣ್ಣಲ್ಲಿ ಹುಟ್ಟಿನಿಂದಲೇ ಸ್ವಲ್ಪ ಲೋಹ ಇರುತ್ತದೆ. ಯಾವುದು ಗುಡ್ಡದ್ದು, ಯಾವುದು ಶೆಡ್ಡಿನದು ಅಂತ ಬೇರೆ ಮಾಡಬೇಕಲ್ವಾ.

ಸಂಖ್ಯೆ ಬಂದ ಮೇಲೆ "ಜಾಸ್ತಿನಾ ಕಮ್ಮಿನಾ" ಅನ್ನುವುದಕ್ಕೂ ಒಂದೇ ಉತ್ತರ ಇಲ್ಲ. ಕೆನಡಾದ ಮಾನದಂಡದಲ್ಲಿ ಸೀಸಕ್ಕೆ ಹೊಲದಲ್ಲಿ ಕಿಲೋಗೆ 70 ಮಿಲಿಗ್ರಾಂ, ಮನೆ ಕಟ್ಟುವ ಜಾಗದಲ್ಲಿ 140, ಕಾರ್ಖಾನೆ ಜಾಗದಲ್ಲಿ 600. ಅಮೆರಿಕದವರು ಮನೆ ಅಂಗಳಕ್ಕೆ 400 ಇಟ್ಟಿದ್ದನ್ನು 2024ರಲ್ಲಿ 200ಕ್ಕೆ ಇಳಿಸಿದರು. ಮಕ್ಕಳು ಮಣ್ಣಾದ ಕೈ ಬಾಯಿಗೆ ಹಾಕಿಕೊಳ್ಳುತ್ತಾರೆ ಅನ್ನುವುದೇ ಕಾರಣ. ಕೊಡೈಕನಾಲ್‌ನ ಥರ್ಮಾಮೀಟರ್ ಕಾರ್ಖಾನೆ ಮುಚ್ಚಿದ್ದು 2001ರಲ್ಲಿ. ಅಲ್ಲಿಯ ಪಾದರಸದ ಮಣ್ಣನ್ನು ಕಿಲೋಗೆ 20 ಮಿಲಿಗ್ರಾಂವರೆಗೆ ತಂದರೆ ಸಾಕೋ, ಇನ್ನೂ ಕೆಳಗೆ ತರಬೇಕೋ ಅಂತ ವರ್ಷಗಟ್ಟಲೆ ಜಗಳ ನಡೆಯಿತು. ಭಾವನ ಜಾಗದ ಮೇಲ್ಮಣ್ಣಲ್ಲಿ ನಾಲ್ಕಂಕಿ ಬಂದಿತ್ತು. ಅದಕ್ಕೆ ಯಾವ ದೇಶದ ಮಾನದಂಡವೂ ಬೇಕಿರಲಿಲ್ಲ.

ಎರೆಯೋ ಮಸಾರಿಯೋ

ಇದನ್ನು ಯಾರೂ ಕೇಳುವುದಿಲ್ಲ, ಆದರೆ ಅರ್ಧ ಉತ್ತರ ಇಲ್ಲೇ ಇದೆ. ಎರೆ ಮಣ್ಣು ಜಿಗುಟು, ಕ್ಷಾರದ ಗುಣದ್ದು. ಸೀಸ, ಸತುವಿನಂಥ ಲೋಹವನ್ನು ಹಿಡಿದುಕೊಂಡು ಬಿಡುವುದಿಲ್ಲ. ಹಾಗಾಗಿ ಅವು ಸಾಮಾನ್ಯವಾಗಿ ಮೇಲಿನ ಒಂದೆರಡು ಅಡಿಯಲ್ಲೇ ಕೂರುತ್ತವೆ. ಆದರೆ ಆರನೇ ರೂಪದ ಕ್ರೋಮಿಯಂ, ಆರ್ಸೆನಿಕ್ ಉಲ್ಟಾ. ಕ್ಷಾರದ ಮಣ್ಣಲ್ಲಿ ಅವಕ್ಕೆ ಓಡಾಟ ಸುಲಭ. ಇನ್ನೊಂದು ಗಮನಿಸಿ: ಬೇಸಿಗೆಯಲ್ಲಿ ಎರೆ ಬಾಯಿ ಬಿಡುತ್ತದೆ. ಮೊಣಕೈವರೆಗೆ ಕೈ ಹೋಗುವಷ್ಟು ಬಿರುಕು. ಮುಂಗಾರಿನ ಮೊದಲ ಮಳೆ ಮೇಲಿನ ಕೊಳೆಯನ್ನೆಲ್ಲ ಆ ಬಿರುಕಿನಲ್ಲಿ ನೇರ ಕೆಳಗಿಳಿಸುತ್ತದೆ.

ಮಸಾರಿ, ಮರಳು ಮಣ್ಣಿನಲ್ಲಿ ಇಷ್ಟು ಹಿಡಿತ ಇಲ್ಲ. ಚಿತ್ರದುರ್ಗ ಕಡೆ ಅದರ ಕೆಳಗೆ ಗಟ್ಟಿ ಬಂಡೆ, ಬಂಡೆಯ ಸೀಳಿನಲ್ಲಿ ನೀರು. ಬೋರು ಹೊಡೆಯುವುದು ಅದೇ ಸೀಳಿಗೆ. ಫ್ಲೋರೈಡ್ ಮೊದಲೇ ಕಾಡುತ್ತಿರುವ ನೀರಿಗೆ ಇನ್ನೊಂದನ್ನು ಸೇರಿಸಬಾರದು.

ಅಗೆದು ಸಾಗಿಸುವುದು

ಎಲ್ಲರಿಗೂ ಇಷ್ಟ ಆಗುವ ದಾರಿ. ಕೆಟ್ಟದ್ದನ್ನು ತೆಗೆದು ಹೊರಗೆ ಹಾಕಿದರೆ ಮುಗೀತು ಅನ್ನಿಸುತ್ತದೆ. ಬೇಗ ಆಗುತ್ತದೆ, ಜಾಗ ನಿಜವಾಗಿ ಶುದ್ಧ ಆಗುತ್ತದೆ, ಎಲ್ಲ ಬಗೆಯ ವಿಷಕ್ಕೂ ನಡೆಯುತ್ತದೆ. ತೊಂದರೆ ಇರುವುದು ತೂಕದಲ್ಲಿ.

ಲೆಕ್ಕ ಹಾಕಿ. ಒಂದು ಗುಂಟೆ ಅಂದರೆ 1,089 ಚದರ ಅಡಿ. ಒಂದಡಿ ಅಗೆದರೆ ಹತ್ತಿರ ಹತ್ತಿರ 50 ಟನ್ ಮಣ್ಣು. 10 ಟನ್ ಟಿಪ್ಪರ್ ಆದರೆ 5 ಲೋಡು. ಒಂದೆಕರೆಗೆ 200 ಲೋಡು. ಭಾವನ ಆರು ಗುಂಟೆಯಲ್ಲಿ ಒಂದೂವರೆ ಅಡಿ ತೆಗೆದರೆ 45 ಲೋಡು. ಅದನ್ನು ಎಲ್ಲೆಂದರಲ್ಲಿ ಸುರಿಯುವ ಹಾಗಿಲ್ಲ. ಅಪಾಯಕಾರಿ ತ್ಯಾಜ್ಯಕ್ಕೆ ಅಂತಲೇ ತಳದಲ್ಲಿ ಹಾಳೆ ಹಾಸಿ ಕಟ್ಟಿದ ಗುಂಡಿ ಇರುವುದು ದಾಬಸ್‌ಪೇಟೆ ಹತ್ತಿರ. ಚಿತ್ರದುರ್ಗದಿಂದ ಸುಮಾರು 150 ಕಿಲೋಮೀಟರ್, ದಾವಣಗೆರೆಯಿಂದ 200ರ ಮೇಲೆ. ಪ್ರತಿ ಲೋಡಿನ ಜೊತೆ 2016ರ ಅಪಾಯಕಾರಿ ತ್ಯಾಜ್ಯ ನಿಯಮದ ಪ್ರಕಾರ ಫಾರಂ 10ರ ಮ್ಯಾನಿಫೆಸ್ಟ್ ಹೋಗಬೇಕು. ಎಲ್ಲಿಂದ ಹೊರಟಿತು, ಯಾರು ಒಯ್ದರು, ಯಾರು ಇಳಿಸಿಕೊಂಡರು ಅನ್ನುವುದಕ್ಕೆ ಅದೇ ಸಾಕ್ಷಿ. ಕಂಟ್ರಾಕ್ಟರ್ ಕಮ್ಮಿ ರೇಟು ಹೇಳಿ ಈ ಕಾಗದದ ಮಾತೇ ಎತ್ತಲಿಲ್ಲ ಅಂದರೆ ನಿಮ್ಮ ಮಣ್ಣು ಯಾವುದೋ ಹಳ್ಳಕ್ಕೆ ಹೋಗುತ್ತಿದೆ ಅಂತಲೇ ತಿಳಿಯಿರಿ. ಹಳ್ಳದ ನೀರು ತುಂಗಭದ್ರೆಗೆ, ಕೇಸು ನಿಮ್ಮ ಹೆಸರಿಗೆ.

ಸಾಗಿಸಿದ ಮೇಲೆ ಏನು ಅನ್ನುವುದೂ ಇದೆ. ಭೋಪಾಲ್ ಯೂನಿಯನ್ ಕಾರ್ಬೈಡ್ ಕಾರ್ಖಾನೆಯ 337 ಟನ್ ತ್ಯಾಜ್ಯವನ್ನು ಪೀತಂಪುರಕ್ಕೆ ಸಾಗಿಸಿದ್ದು 2025ರ ಜನವರಿಯಲ್ಲಿ, ದುರಂತ ನಡೆದು 40 ವರ್ಷದ ಮೇಲೆ. 12 ಕಂಟೇನರ್, ಸುಮಾರು 250 ಕಿಲೋಮೀಟರ್. ದಾವಣಗೆರೆಯಿಂದ ಬೆಂಗಳೂರಿಗೆ ಆಗುವಷ್ಟು ದೂರ. ನಮ್ಮೂರಿಗೆ ಯಾಕೆ ತಂದಿರಿ ಅಂತ ಪೀತಂಪುರದ ಜನ ಬೀದಿಗಿಳಿದರು. ಸುಟ್ಟು ಮುಗಿಯುವಾಗ ಜೂನ್ ಆಗಿತ್ತು. ಆ ಕಾರ್ಖಾನೆಯ ಕೆಳಗಿನ ಮಣ್ಣು, ನೀರಿನ ಸಮಸ್ಯೆ ಭೋಪಾಲದಲ್ಲೇ ಉಳಿಯಿತು.

ಸುಡುವ ಮಾತು ಬಂತಲ್ಲ, ಇಲ್ಲೇ ಹೇಳಿಬಿಡುತ್ತೇನೆ. ಕೀಟನಾಶಕ, ಎಣ್ಣೆ, ಪೇಂಟಿನ ಕೆಸರಿನಂಥವನ್ನು ಸರಿಯಾದ ಕುಲುಮೆಯಲ್ಲಿ ಅಥವಾ ಸಿಮೆಂಟ್ ಕಾರ್ಖಾನೆಯ ಗೂಡಿನಲ್ಲಿ ಸುಡಬಹುದು. ಸೀಸ, ಕ್ರೋಮಿಯಂ ಸುಟ್ಟರೆ ಹೋಗಲ್ಲ. ಹೊಗೆಯಲ್ಲಿ ಇಲ್ಲವೇ ಬೂದಿಯಲ್ಲಿ ಕೂರುತ್ತವೆ. ಹಳೇ ಟೈರ್ ಉರಿಸುತ್ತಿದ್ದ ಮಂಡಕ್ಕಿ ಭಟ್ಟಿಗಳ ಬೂದಿ ನಮ್ಮೂರಿನವರಿಗೆ ಗೊತ್ತಿರುವುದೇ. ಟೈರಿನಲ್ಲಿದ್ದ ಸತು ಅದರಲ್ಲಿ ಉಳಿದಿರುತ್ತದೆ.

ನನ್ನ ಲೆಕ್ಕದಲ್ಲಿ ಇಡೀ ಜಾಗ ಅಗೆಸುವುದು ದಡ್ಡತನ. ವಿಷ ಗುಡ್ಡೆಯಾಗಿ ಕೂತಿರುವ ಮೂಲೆಯನ್ನು ಮಾತ್ರ ಅಗೆಸುವುದು ಜಾಣತನ. ಅದಕ್ಕೇ ಪರೀಕ್ಷೆಗೆ ಅಷ್ಟು ಒತ್ತು ಕೊಟ್ಟಿದ್ದು. ಇನ್ನೊಂದು, ಅಗೆಯುವಾಗ ನೀರು ಚಿಮುಕಿಸಿಕೊಂಡೇ ಅಗೆಸಿ. ಸೀಸದ ಧೂಳು ಮೊದಲು ಹೋಗುವುದು ಪಕ್ಕದ ಮನೆಯ ಅಂಗಳಕ್ಕೆ.

ಇದ್ದಲ್ಲೇ ಕಟ್ಟಿಹಾಕುವುದು

ಇದರ ಬಗ್ಗೆ ನಮ್ಮ ಕಡೆ ಕೇಳಿದವರೇ ಕಮ್ಮಿ, ಆದರೆ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಇದೇ. ವಿಷವನ್ನು ತೆಗೆಯುವುದಿಲ್ಲ, ಅದರ ಕೈಕಾಲು ಕಟ್ಟುತ್ತೇವೆ. ಸೀಸಕ್ಕೆ ರಂಜಕ ಬೆರೆಸಿದರೆ ಎರಡೂ ಸೇರಿ ನೀರಿನಲ್ಲಿ ಕರಗದ ಖನಿಜ ಆಗುತ್ತದೆ. ರಾಕ್ ಫಾಸ್ಫೇಟ್, ಸೂಪರ್ ಫಾಸ್ಫೇಟ್ ನಮಗೆ ಹೊಸದೇನಲ್ಲ, ಗೊಬ್ಬರದ ಅಂಗಡಿಯ ಮಾಲು. ಆರನೇ ರೂಪದ ಕ್ರೋಮಿಯಂಗೆ ಅನ್ನಭೇದಿ, ಅಂದರೆ ಫೆರಸ್ ಸಲ್ಫೇಟ್. ಅದು ಕ್ರೋಮಿಯಂ ಅನ್ನು ಮೂರನೇ ರೂಪಕ್ಕೆ ಇಳಿಸುತ್ತದೆ, ಆಮೇಲೆ ಅದು ನೀರಿನ ಜೊತೆ ಓಡುವುದಿಲ್ಲ. ಇನ್ನೂ ಗಟ್ಟಿ ಬೇಕೆಂದರೆ ಸಿಮೆಂಟ್ ಬೆರೆಸಿ ಕಲ್ಲಾಗಿಸುತ್ತಾರೆ.

ಆದರೆ ಹುಷಾರು. ಮಣ್ಣಲ್ಲಿ ಸೀಸದ ಜೊತೆ ಆರ್ಸೆನಿಕ್ ಕೂಡ ಇದ್ದರೆ ರಂಜಕ ಹಾಕಲೇಬಾರದು. ರಂಜಕವೂ ಆರ್ಸೆನಿಕ್ಕೂ ಮಣ್ಣಿನ ಕಣದಲ್ಲಿ ಒಂದೇ ಕುರ್ಚಿಗೆ ಕಿತ್ತಾಡುವ ಅಣ್ಣ ತಮ್ಮಂದಿರು. ರಂಜಕ ಕೂತರೆ ಆರ್ಸೆನಿಕ್ ಎದ್ದು ನೀರಿಗೆ ಹೋಗುತ್ತದೆ. ಹಳೇ ಬ್ಯಾಟರಿಯ ಸೀಸದ ತಟ್ಟೆಗಳಲ್ಲಿ ಆಂಟಿಮನಿ, ಸ್ವಲ್ಪ ಆರ್ಸೆನಿಕ್ ಎರಡೂ ಇರುವುದುಂಟು. ಅಂದಾಜಿನಲ್ಲಿ ಸುಮ್ನೆ ಚೀಲ ಸುರಿಯಬೇಡಿ. ಮೊದಲು ಒಂದು ಬಕೆಟ್ ಮಣ್ಣಿಗೆ ಬೆರೆಸಿ, ವಾರಗಟ್ಟಲೆ ಹಸಿಯಾಗಿಟ್ಟು, ಮತ್ತೆ ಟಿಸಿಎಲ್‌ಪಿ ಮಾಡಿಸಿ ನೋಡಿದ ಮೇಲೆಯೇ ನೆಲಕ್ಕೆ ಹಾಕಬೇಕು.

ಬೆರೆಸುವುದೂ ಎರೆಯಲ್ಲಿ ಸುಲಭ ಅಲ್ಲ. ಹಸಿ ಇದ್ದರೆ ರೋಟವೇಟರ್‌ಗೆ ಅಂಟಿಕೊಳ್ಳುತ್ತದೆ, ಒಣಗಿದರೆ ಹೆಂಟೆ. ಬಿತ್ತನೆಗೆ ನೋಡುವ ಹಾಗೆ ಹದ ನೋಡಿಯೇ ಇಳಿಯಬೇಕು. ಈ ದಾರಿಯ ಕೊರತೆ ಏನೆಂದರೆ, ಕಿಲೋಗೆ ಎಷ್ಟು ಅನ್ನುವ ಸಂಖ್ಯೆ ಇಳಿಯುವುದೇ ಇಲ್ಲ. ನೀರಿಗೆ ಬಿಡುವುದು ಮಾತ್ರ ಇಳಿಯುತ್ತದೆ. ಹಾಗಾಗಿ ಮಕ್ಕಳು ಆಡುವ ಅಂಗಳಕ್ಕೆ ಇದೊಂದೇ ಸಾಲದು.

ಮಣ್ಣನ್ನು ತೊಳೆಯುವ ವಿಧಾನವೂ ಇದೆ. ಮರಳು ಜಾಸ್ತಿ ಇದ್ದರೆ ಸರಿ. ಎರೆಯನ್ನು ತೊಳೆಯುತ್ತೇನೆ ಅಂದವರಿಗೆ ನಮಸ್ಕಾರ ಹೇಳಿ ಕಳಿಸಿ.

ಗಿಡ ನೆಡುವುದು

ಕೇಳಲು ಇಂಪಾದ ದಾರಿ. ಸಾಸಿವೆ, ಸೂರ್ಯಕಾಂತಿ, ಲಾವಂಚ ಲೋಹ ಹೀರುತ್ತವೆ ಅನ್ನುವುದು ಸುಳ್ಳಲ್ಲ. ಎಷ್ಟು ಹೀರುತ್ತವೆ ಅನ್ನುವ ಲೆಕ್ಕ ಮಾತ್ರ ಯಾರೂ ಹಾಕುವುದಿಲ್ಲ. ನಾವೇ ಹಾಕೋಣ. ಒಂದು ಗುಂಟೆ, ಒಂದಡಿ, 50 ಟನ್ ಮಣ್ಣು. ಕಿಲೋಗೆ 1,000 ಮಿಲಿಗ್ರಾಂ ಇರುವ ಸೀಸವನ್ನು 100ಕ್ಕೆ ಇಳಿಸಬೇಕು ಅಂದರೆ ಅಲ್ಲಿಂದ 45 ಕಿಲೋ ಸೀಸ ಹೊರಗೆ ಬರಬೇಕು. ಗುಂಟೆಗೆ ಒಂದು ಬೆಳೆಯಲ್ಲಿ 250 ಕಿಲೋ ಒಣ ಸೊಪ್ಪು ಬಂತು ಅಂತ ಧಾರಾಳವಾಗಿಯೇ ಇಟ್ಟುಕೊಳ್ಳಿ. ಸೀಸ ಹೀರುವುದರಲ್ಲಿ ಮಹಾ ಶೂರ ಅನ್ನಿಸಿಕೊಳ್ಳಲು ಗಿಡದಲ್ಲಿ ಕಿಲೋಗೆ 1,000 ಮಿಲಿಗ್ರಾಂ ಇರಬೇಕು. ಅಷ್ಟೂ ಇದೆ ಅಂದುಕೊಂಡರೂ ಒಂದು ಬೆಳೆಗೆ ಹೊರಬರುವುದು ಕಾಲು ಕಿಲೋ. 45 ಕಿಲೋಗೆ 180 ಬೆಳೆ. ವರ್ಷಕ್ಕೆ ಎರಡು ತೆಗೆದರೂ ಮರಿಮಕ್ಕಳ ಕಾಲ ಬರುತ್ತದೆ. ನಿಜದಲ್ಲಿ ಸೀಸ ಬೇರಿನಿಂದ ಮೇಲೆ ಏರುವುದೇ ಕಷ್ಟ. ಕೊಯ್ದ ಸೊಪ್ಪನ್ನು ದನಕ್ಕೂ ಹಾಕುವಂತಿಲ್ಲ, ಒಲೆಗೂ ಇಡುವಂತಿಲ್ಲ.

ಎಣ್ಣೆಯ ಕಥೆ ಬೇರೆ. ಗ್ಯಾರೇಜಿನ ಡೀಸೆಲ್, ಆಯಿಲ್ ಕುಡಿದ ಮಣ್ಣನ್ನು ಸೂಕ್ಷ್ಮಜೀವಿಗಳು ನಿಜವಾಗಿಯೂ ತಿಂದು ಮುಗಿಸುತ್ತವೆ. ಟೆರಿ ಸಂಸ್ಥೆ ಇದಕ್ಕೆಂದೇ ಆಯಿಲ್‌ಜಾಪರ್ ಅನ್ನುವ ಸೂಕ್ಷ್ಮಜೀವಿಗಳ ಮಿಶ್ರಣ ತಯಾರಿಸಿದೆ, ತೈಲ ಕಂಪನಿಗಳ ಕೆಸರಿಗೆ ಬಳಸಿದ್ದಾರೆ. ಮಣ್ಣನ್ನು ತೆಳುವಾಗಿ ಹರಡಿ, ತೇವ ಇಟ್ಟು, ಆಗಾಗ ತಿರುವಿ, ಸ್ವಲ್ಪ ಸಾರಜನಕ ಕೊಟ್ಟರೆ ತಿಂಗಳುಗಳಲ್ಲಿ ಫಲ ಕಾಣುತ್ತದೆ. ನಿಮ್ಮದು ಬರೀ ಎಣ್ಣೆ ಆಗಿದ್ದರೆ ಬೇರೆ ಯಾವ ದಾರಿಗೂ ಹೋಗಬೇಡಿ.

ಲಾವಂಚವನ್ನು ನಾನು ಪೂರ್ತಿ ಬೇಡ ಅನ್ನುವುದಿಲ್ಲ. ಬದುವಿನ ಮೇಲೆ ಸಾಲಾಗಿ ಹಾಕಿದರೆ ಮಣ್ಣು ಕೊಚ್ಚಿಹೋಗುವುದು ನಿಲ್ಲುತ್ತದೆ. ಅದಕ್ಕೆ ಅದು ಒಳ್ಳೆಯ ಕಾವಲುಗಾರ, ಅಷ್ಟೇ.

ಮುಚ್ಚುವುದು

ಗರಸು ಹಾಕಿ ಸಮ ಮಾಡುವುದು ಮುಚ್ಚುವುದಲ್ಲ, ಮರೆಮಾಚುವುದು. ಸರಿಯಾಗಿ ಮುಚ್ಚುವುದು ಅಂದರೆ ದಪ್ಪ ಎಚ್‌ಡಿಪಿಇ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ನೀರು ಬಸಿದು ಹೋಗುವ ಜಲ್ಲಿ ಪದರ, ಮೇಲೆ ಒಳ್ಳೆ ಮಣ್ಣು ಇಲ್ಲವೇ ಕಾಂಕ್ರೀಟ್. ಪುಸ್ತಕದಲ್ಲಿ ಜೇಡಿ ಮಣ್ಣಿನ ಪದರ ಸಾಕು ಅಂತಿರುತ್ತದೆ. ನಮ್ಮ ಎರೆಯನ್ನೇ ಅದಕ್ಕೆ ಬಳಸಿದರೆ ಏಪ್ರಿಲ್‌ನಲ್ಲಿ ಬಾಯಿ ಬಿಟ್ಟು ಎಲ್ಲ ತೋರಿಸಿಬಿಡುತ್ತದೆ.

ಗೋಡೌನು, ಲಾರಿ ನಿಲ್ಲಿಸುವ ಜಾಗ, ವರ್ಕ್‌ಶಾಪು ಇಂಥದಕ್ಕೆ ಮುಚ್ಚುವುದು ಒಳ್ಳೆ ದಾರಿ, ಖರ್ಚೂ ಕಮ್ಮಿ. ಆದರೆ ಭದ್ರಾ ನಾಲೆಯ ಅಚ್ಚುಕಟ್ಟಿನಲ್ಲಿ ಜಾಗ ಇದ್ದರೆ ಯೋಚಿಸಿ. ನಾಲೆಗೆ ನೀರು ಬಿಟ್ಟಾಗ ಅಲ್ಲಿ ಕೆಳಗಿನಿಂದಲೇ ತೇವ ಏರುತ್ತದೆ. ಮೇಲೆ ಕೊಡೆ ಹಿಡಿದರೆ ಕೆಳಗಿಂದ ಬರುವ ನೀರು ನಿಲ್ಲುತ್ತಾ? ಗದ್ದೆಯಾಗಿದ್ದರಂತೂ ಇನ್ನೂ ತಲೆನೋವು. ನೀರು ನಿಲ್ಲಿಸಿದರೆ ಭತ್ತಕ್ಕೆ ಕ್ಯಾಡ್ಮಿಯಂ ಏರುವುದು ಕಮ್ಮಿ, ಆರ್ಸೆನಿಕ್ ಏರುವುದು ಜಾಸ್ತಿ. ಒಣಗಿಸಿದರೆ ಅದಲು ಬದಲು.

ಮುಚ್ಚಿದ ಜಾಗದಲ್ಲಿ ಬೋರು ಹೊಡೆಸಬಾರದು. ಈ ಮಾತು ಕಾಗದದಲ್ಲೂ ಇರಬೇಕು, ಮುಂದೆ ಕೊಳ್ಳುವವರಿಗೆ ಕಾಣುವ ಹಾಗೆ. ನಮ್ಮ ಭಾವನಿಗೆ ಹಿಂದಿನವರು ಮಾಡದೇ ಹೋದದ್ದು ಇದೇ.

ದುಡ್ಡು ಯಾರದ್ದು?

ಕೆಡಿಸಿದವರೇ ಕೊಡಬೇಕು. ರಾಜಸ್ಥಾನದ ಉದಯಪುರ ಹತ್ತಿರದ ಬಿಛ್ರಿ ಹಳ್ಳಿಯಲ್ಲಿ ರಾಸಾಯನಿಕ ಕಾರ್ಖಾನೆಗಳು ಬಾವಿಯ ನೀರನ್ನೇ ಕೆಂಪು ಮಾಡಿದ್ದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1996ರಲ್ಲೇ ಇದನ್ನು ಖಂಡಿತವಾಗಿ ಹೇಳಿತು. ಆದರೂ ಆ ಕೇಸು 2011ರವರೆಗೆ ಎಳೆದಾಡಿತು. ಕೋರ್ಟು ಹೇಳಿದ್ದು ಕೈಗೆ ಬರುವಷ್ಟರಲ್ಲಿ ಅರ್ಧ ಆಯುಷ್ಯ.

ಈಗ 2025ರ ಜುಲೈನಲ್ಲಿ ಕಲುಷಿತ ಜಾಗಗಳಿಗೆಂದೇ ಕೇಂದ್ರದ ನಿಯಮ ಬಂದಿದೆ. ಅನುಮಾನದ ಜಾಗಗಳ ಪಟ್ಟಿಯನ್ನು ಜಿಲ್ಲಾಡಳಿತ ಆರು ತಿಂಗಳಿಗೊಮ್ಮೆ ಕಳಿಸಬೇಕು. 90 ದಿನದಲ್ಲಿ ಮೊದಲ ತಪಾಸಣೆ, ಆಮೇಲೆ ವಿವರವಾದ ಪರೀಕ್ಷೆ. ವಿಷ ಮಿತಿ ಮೀರಿದ್ದರೆ ಜಾಗವನ್ನು ಪ್ರಕಟಿಸಿ, ಹೊಣೆಗಾರರನ್ನು ಹುಡುಕಿ ವಸೂಲಿ ಮಾಡಬೇಕು. ಅವರು ಸಿಗದಿದ್ದರೆ ಸರ್ಕಾರವೇ ಹಣ ಹಾಕಬೇಕು. ನಿಯಮ ಬಂದಾಗ ದೇಶದಲ್ಲಿ ಗುರುತಿಸಿದ್ದ ಜಾಗ 103, ಕೆಲಸ ಶುರುವಾಗಿದ್ದು 7ರಲ್ಲಿ. ಅದಕ್ಕೇ ಕಾಯುತ್ತಾ ಕೂರಿ ಅಂತ ನಾನು ಹೇಳುವುದಿಲ್ಲ, ಆದರೆ ಜಿಲ್ಲಾಧಿಕಾರಿಗೂ ಮಾಲಿನ್ಯ ನಿಯಂತ್ರಣ ಮಂಡಳಿಗೂ ಬರಹದಲ್ಲಿ ಕೊಟ್ಟು ಸ್ವೀಕೃತಿ ಇಟ್ಟುಕೊಳ್ಳಿ. ನಾಳೆ "ನೀವೇ ಕೆಡಿಸಿದ್ದು" ಅಂದರೆ ಅದೊಂದೇ ಆಧಾರ. ಚಿತ್ರದುರ್ಗದವರಿಗೆ ಒಂದು ಮಾತು: ಗಣಿಗಾರಿಕೆಯಿಂದ ಆದ ಮಾಲಿನ್ಯ ಈ ನಿಯಮದಿಂದ ಹೊರಗೆ. ಇಂಗಳದಾಳದ ಹಳೇ ತಾಮ್ರದ ಗಣಿಯಂಥ ಕಡೆ ಪಕ್ಕದಲ್ಲಿ ಹೊಲ ಇರುವವರು ಗಣಿ ಕಾನೂನಿನ ಬಾಗಿಲು ತಟ್ಟಬೇಕು.

ಹಾಗಾದರೆ ಯಾವುದು?

ಮನೆ ಕಟ್ಟಲೇಬೇಕು, ಸೀಸ ಇದೆ, ಜಾಗ ಸಣ್ಣದು ಅಂದರೆ ಅಗೆಸಿ. ಬೇರೆ ಮಾತಿಲ್ಲ. ದೊಡ್ಡ ಜಾಗ, ಸೀಸ ಅಥವಾ ಸತು, ಎರೆ ಮಣ್ಣು, ಮುಂದೆ ಗೋಡೌನು ಅಂದರೆ ಕಟ್ಟಿಹಾಕಿ, ಮೇಲೆ ಮುಚ್ಚಿ. ಪ್ಲೇಟಿಂಗ್ ಶೆಡ್ಡಿನ ಆರನೇ ರೂಪದ ಕ್ರೋಮಿಯಂ ಅಂದರೆ ಮೊದಲು ಸುತ್ತಲಿನ ಬೋರಿನ ನೀರು ನೋಡಿಸಿ. ಕುಡಿಯುವ ನೀರಲ್ಲಿ ಒಟ್ಟು ಕ್ರೋಮಿಯಂ ಲೀಟರಿಗೆ 0.05 ಮಿಲಿಗ್ರಾಂ ದಾಟಬಾರದು. ದಾಟಿದ್ದರೆ ಅದು ನಿಮ್ಮೊಬ್ಬರ ಕೈಲಾಗುವ ಕೆಲಸ ಅಲ್ಲ, ಮುಚ್ಚಿ ಸುಮ್ಮನಾಗುವುದಂತೂ ಕೂಡದು. ಹೊಲವಾಗಿಯೇ ಉಳಿಸಬೇಕು, ವಿಷ ಮಧ್ಯಮ ಅಂದರೆ ಸೊಪ್ಪು, ಗೆಡ್ಡೆ ಬೆಳೆಯಬೇಡಿ, ಹತ್ತಿಯಂಥ ತಿನ್ನದ ಬೆಳೆಗೆ ಹೋಗಿ. ಕೊಳ್ಳುವ ಮೊದಲೇ ಇದನ್ನು ಓದುತ್ತಿದ್ದರೆ ಇನ್ನೂ ಸುಲಭ: ಹಳೇ ಶೆಡ್ಡಿನ ಮೇಲೆ ಹೊಸ ಗರಸು ಕಂಡರೆ ಅಡ್ವಾನ್ಸ್ ಕೊಡುವ ಮುಂಚೆ ಗುದ್ದಲಿ ಹಾಕಿ ನೋಡಿ.

ಭಾವ ಮನೆಯ ಆಸೆ ಬಿಟ್ಟರು. ಒಲೆ ಇದ್ದ ಮೂಲೆ ಹೆಚ್ಚುಕಮ್ಮಿ ಒಂದು ಗುಂಟೆ. ಅದನ್ನು ಮಂಡಳಿಗೆ ಅರ್ಜಿ ಕೊಟ್ಟು, ಮ್ಯಾನಿಫೆಸ್ಟ್ ಮಾಡಿಸಿ ಸಾಗಿಸಿದರು. ಪರೀಕ್ಷೆಯಲ್ಲಿ ಆರ್ಸೆನಿಕ್ ಹೇಳುವಷ್ಟು ಇರಲಿಲ್ಲ, ಹಾಗಾಗಿ ಉಳಿದ ಕಡೆ ರಾಕ್ ಫಾಸ್ಫೇಟ್ ಬೆರೆಸಿ, ಹಾಳೆ ಹಾಸಿ ಕಾಂಕ್ರೀಟ್ ಹಾಕಿಸಿ ಗೋಡೌನು ಕಟ್ಟುತ್ತಿದ್ದಾರೆ. ನೀರು ಹೊರಗಿಂದ ಟ್ಯಾಂಕರಿನಲ್ಲಿ. ಅಕ್ಕ ಹಿತ್ತಲಿಗೆ ಅಂತ ತಂದಿಟ್ಟಿದ್ದ ನುಗ್ಗೆ ಗಿಡ ಗೇಟಿನ ಪಕ್ಕ ಸಿಮೆಂಟ್ ರಿಂಗಿನೊಳಗೆ, ಊರಿನ ಹೊಲದಿಂದ ತಂದ ಮಣ್ಣಲ್ಲಿ ನಿಂತಿದೆ.